ಅಡಿಯ ಲೆಕ್ಕ, ನೀರಿನ ಲೆಕ್ಕ

ಮಳೆಗಾಲದ ಬೆಳಗ್ಗೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ವೃತ್ತಪತ್ರಿಕೆಯನ್ನು ಬಿಡಿಸಿದವರು ಮೊದಲು ಹುಡುಕುವ ಸುದ್ದಿಗಳಲ್ಲಿ ಭದ್ರಾ ಜಲಾಶಯದ ಮಟ್ಟವೂ ಒಂದು. ಮನೆ ಪೇಟೆಯಲ್ಲಿದ್ದರೂ ಗದ್ದೆ ನಾಲೆಯ ಕೊನೆಯಲ್ಲಿರುವವರು ಇಲ್ಲಿ ಅನೇಕರು. ಇಂದಿನ ಮಟ್ಟ ಇಷ್ಟು ಅಡಿ, ಗರಿಷ್ಠ ಮಟ್ಟ 186 ಅಡಿ, ಒಳಹರಿವು ಇಷ್ಟು ಕ್ಯುಸೆಕ್. ಅಲ್ಲಿಗೆ ಸುದ್ದಿ ಮುಗಿಯುತ್ತದೆ. ಇದರಿಂದ ಓದುಗನಿಗೆ ತಿಳಿದುದೇನು?

ಹೆಚ್ಚೇನೂ ಇಲ್ಲವೆಂದೇ ನನ್ನ ಅಭಿಪ್ರಾಯ. ಜಲಾಶಯವು ನೇರ ಗೋಡೆಗಳ ತೊಟ್ಟಿಯಲ್ಲ. ತಳದಲ್ಲಿ ಇಕ್ಕಟ್ಟಾಗಿದ್ದು ಮೇಲೇರಿದಂತೆ ಹರವಾಗುವ ಕಣಿವೆ. ಆದುದರಿಂದ ಮೇಲಣ ಒಂದು ಅಡಿಯ ನೀರು ತಳದ ಒಂದು ಅಡಿಯ ನೀರಿಗಿಂತ ಎಷ್ಟೋ ಪಾಲು ಹೆಚ್ಚು. 93 ಅಡಿ ತುಂಬಿದರೆ ಅರ್ಧ ಜಲಾಶಯ ತುಂಬಿತೆಂದು ತಿಳಿಯುವುದು ತಪ್ಪು. ತೂಬಿನ ಮಟ್ಟಕ್ಕಿಂತ ಕೆಳಗಿನ ನೀರಂತೂ ನಾಲೆಗೆ ಇಳಿಯುವುದೇ ಇಲ್ಲ. ಕ್ಯುಸೆಕ್ ಎಂಬುದು ನೀರಿನ ಮೊತ್ತವಲ್ಲ, ಹರಿವಿನ ದರ: ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡುಗಳಷ್ಟೆ. 11,574 ಕ್ಯುಸೆಕ್ ನೀರು ದಿನವಿಡೀ ಹರಿದರೆ 100 ಕೋಟಿ ಘನ ಅಡಿ, ಎಂದರೆ 1 ಟಿ.ಎಂ.ಸಿ. ಆಗುತ್ತದೆ. ಭದ್ರೆಯ ಪೂರ್ಣ ಸಾಮರ್ಥ್ಯ ಸುಮಾರು 71.5 ಟಿ.ಎಂ.ಸಿ. ಇಷ್ಟು ಬಲ್ಲ ಬಾತ್ಮಿದಾರನು, ಇಂದಿನ ಸಂಗ್ರಹವನ್ನು ಕೇಳಿ ತಿಳಿದು, ಹೊರಹರಿವನ್ನು ಕಳೆದು, ಇದೇ ಗತಿಯಲ್ಲಿ ಜಲಾಶಯ ತುಂಬಲು ಎಷ್ಟು ದಿನ ಬೇಕೆಂಬುದನ್ನು ಒಂದೇ ಸಾಲಿನಲ್ಲಿ ಹೇಳಬಲ್ಲನು. ಹೇಳುವವರು ವಿರಳ.

ಬರಗಾಲದ 2023ರಲ್ಲಿ ನಾಲೆಯ ನೀರಿಗಾಗಿ ಇಲ್ಲಿಯ ರೈತರು ಬೀದಿಗಿಳಿದರು. ನಾನು ಓದಿದ ವರದಿಗಳಲ್ಲಿ ಘೋಷಣೆಗಳಿದ್ದುವು, ಹೇಳಿಕೆಗಳಿದ್ದುವು, ಪ್ರತಿಹೇಳಿಕೆಗಳಿದ್ದುವು. ಉಳಿದ ನೀರು ಪೈರಿಗೆ ಇನ್ನೆಷ್ಟು ದಿನಕ್ಕೆ ಸಾಕು ಎಂಬ ಲೆಕ್ಕಕ್ಕೆ ಮಾತ್ರ ಬಹಳ ಹುಡುಕಬೇಕಾಯಿತು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ 1951ರಲ್ಲಿಯೇ ಮೊದಲಾಯಿತು. ಇಂದು ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿಯೂ ಆ ವಿಭಾಗವಿದೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳು ಈ ವಿದ್ಯೆಯ ಓನಾಮ. 'ಎಷ್ಟು' ಎಂಬ ಏಳನೆಯದನ್ನು ಯಾರು ಕಲಿಸಬೇಕು? ಲೆಕ್ಕಕ್ಕೆ ಹೆದರಿಯೇ ಈ ವಿಷಯವನ್ನು ಆರಿಸಿಕೊಂಡೆವೆನ್ನುವ ವಿದ್ಯಾರ್ಥಿಗಳನ್ನು ನಾನು ಬಲ್ಲೆ. (ಅವರಲ್ಲಿ ಕೆಲವರ ಭಾಷೆ ಬಹಳ ಸೊಗಸು.) ಅವರಿಗೆ ಬೇಕಾದುದು ಕಲನಶಾಸ್ತ್ರವಲ್ಲ, ಗುಣಾಕಾರ, ಭಾಗಾಕಾರ, ಮತ್ತು ಅಧಿಕಾರಿಯನ್ನು ಎರಡನೆಯ ಪ್ರಶ್ನೆ ಕೇಳುವ ಧೈರ್ಯ.

ಪತ್ರಿಕಾಲಯದಲ್ಲಿ ಇದಕ್ಕೆಲ್ಲ ಬಿಡುವಿಲ್ಲವೆಂಬುದು ನಿಜ. ತರಗತಿಯಲ್ಲಿ ಬಿಡುವಿದೆಯಲ್ಲ! ವಿದ್ಯಾರ್ಥಿಗಳನ್ನು ಒಂದು ದಿನ ಲಕ್ಕವಳ್ಳಿಗೆ ಕರೆದೊಯ್ದು ಅಣೆಕಟ್ಟಿನ ಅಳತೆಪಟ್ಟಿಯನ್ನು ತೋರಿಸಲಿ. ಮರುದಿನ ನಾಲೆಯ ಕೊನೆಯ ಹಳ್ಳಿಯಲ್ಲಿ ಅದೇ ನೀರಿಗೆ ಕಾದಿರುವ ರೈತನನ್ನು ಮಾತನಾಡಿಸಲಿ. ಆ ಸಂಜೆಯೇ ಇನ್ನೂರು ಪದಗಳ ವರದಿಯನ್ನು ಬರೆಸಲಿ.