ಕೇಳುವ ಕಿವಿಗೂ ಪಾಠ ಬೇಕು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರದು ಒಂದೇ ಅಳಲು. ಮಕ್ಕಳು ಕಾಲೇಜಿನ ಮೊದಲ ವರ್ಷದಲ್ಲೇ ವರ್ಣ, ಜನಾಂಗ ಮತ್ತು ಸಂವಹನ ಎಂಬ ವಿಷಯವನ್ನು ಓದಬೇಕಂತೆ. "ಇಂಜಿನಿಯರ್ ಆಗುವವನಿಗೆ ಇದೇತಕ್ಕೆ ಸಾರ್? ಡಾಲರ್ ಸುರಿದು ಹರಟೆ ಕಲಿಯಬೇಕೆ?" ಎನ್ನುತ್ತಾರೆ. ಕಲಿಯಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕರಿಯರ ಇಂಗ್ಲಿಷಿಗೆ ವ್ಯಾಕರಣವೇ ಇಲ್ಲವೆಂದು ನಗುವವರು ನಮ್ಮಲ್ಲೂ ಇದ್ದಾರೆ. ಅವರ ಮಾತಿನಲ್ಲಿ ‘ಹಿ ವರ್ಕಿಂಗ್’ ಎಂದರೆ ಈಗ ಕೆಲಸ ಮಾಡುತ್ತಿದ್ದಾನೆ. ‘ಹಿ ಬಿ ವರ್ಕಿಂಗ್’ ಎಂದರೆ ಸಾಮಾನ್ಯವಾಗಿ ಮಾಡುತ್ತಿರುತ್ತಾನೆ. ‘ಮಾಡುತ್ತಿದ್ದಾನೆ’, ‘ಮಾಡುತ್ತಿರುತ್ತಾನೆ’ ಎಂಬ ಭೇದ ಕನ್ನಡದ ಮಗುವಿಗೂ ತಿಳಿದದ್ದೇ. ಶಾಲೆಯ ಇಂಗ್ಲಿಷ್ ಇದೇ ಅರ್ಥಕ್ಕೆ ‘ಯೂಶುವಲಿ’ ಎಂಬ ಪದದ ನೆರವು ಬೇಡುತ್ತದೆ. ಹಾಗಿದ್ದ ಮೇಲೆ ಬಡತನ ಯಾವ ಭಾಷೆಯದು? ಮಿಷಿಗನ್ನಿನ ಆನ್ ಆರ್ಬರಿನಲ್ಲಿ ಇಂಥ ಮಾತಾಡುವ ಮಕ್ಕಳು ಓದಿನಲ್ಲಿ ಹಿಂದುಳಿದಾಗ ಪೋಷಕರು ನ್ಯಾಯಾಲಯಕ್ಕೆ ಹೋದರು. ಮಕ್ಕಳ ಮನೆಮಾತನ್ನು ಗುರುತಿಸಲು ಅಧ್ಯಾಪಕರಿಗೆ ನೆರವು ನೀಡಬೇಕೆಂದು ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ 1979ರಲ್ಲಿ ತೀರ್ಪಿತ್ತರು. ಮೇಷ್ಟರಿಗೇ ಪಾಠ ಹೇಳಿದ ಆ ತೀರ್ಪಿನ ಮೇಲೆ ನನಗೆ ವಿಶೇಷ ಗೌರವ.

ಇದು ಬರಿಯ ತರಗತಿಯ ಮಾತಲ್ಲ. ಭಾಷಾವಿಜ್ಞಾನಿ ಜಾನ್ ಬಾ ಮತ್ತು ಸಂಗಡಿಗರ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಬಾಡಿಗೆಮನೆಯ ಜಾಹೀರಾತು ಕೊಟ್ಟವರಿಗೆ ಬಾ ಒಬ್ಬರೇ ಮೂರು ಬಗೆಯ ಉಚ್ಚಾರದಲ್ಲಿ ದೂರವಾಣಿ ಕರೆ ಮಾಡಿದರು. ಬಿಳಿಯರೇ ತುಂಬಿದ್ದ ವುಡ್‌ಸೈಡಿನಲ್ಲಿ ಶಿಷ್ಟ ಇಂಗ್ಲಿಷಿಗೆ ನೂರಕ್ಕೆ 70ರಷ್ಟು ಸಲ ‘ಮನೆ ನೋಡಲು ಬನ್ನಿ’ ಎಂಬ ಉತ್ತರ ಸಿಕ್ಕರೆ, ಕರಿಯರ ಉಚ್ಚಾರಕ್ಕೆ ಸಿಕ್ಕಿದ್ದು 29ರಷ್ಟು. ಮೆಕ್ಸಿಕೋ ಮೂಲದವರ ಉಚ್ಚಾರಕ್ಕೆ ಇನ್ನೂ ಕಡಿಮೆ. ಮುಖ ನೋಡದೆಯೇ ಬಾಗಿಲು ಮುಚ್ಚಿತ್ತು!

ಇದಕ್ಕಿಂತ ಭಯಂಕರವಾದದ್ದು ಫಿಲಡೆಲ್ಫಿಯಾದ ಸಂಗತಿ. ನ್ಯಾಯಾಲಯದಲ್ಲಿ ಹೇಳಿಕೆಗಳನ್ನು ಬರೆದುಕೊಳ್ಳುವ 27 ಮಂದಿ ಲಿಪಿಕಾರರಿಗೆ ಕರಿಯರ ಮಾತಿನ ಧ್ವನಿಮುದ್ರಿಕೆ ಕೇಳಿಸಲಾಯಿತು. ನೂರಕ್ಕೆ 95ರಷ್ಟು ನಿಖರತೆಯ ಅರ್ಹತಾಪತ್ರ ಪಡೆದಿದ್ದವರು ಅವರು. ಆದರೆ ಪೂರ್ತಿ ಸರಿಯಾಗಿ ಬರೆದ ವಾಕ್ಯಗಳು ನೂರಕ್ಕೆ ಸುಮಾರು 60 ಮಾತ್ರ ಎಂದು 2019ರಲ್ಲಿ ಪ್ರಕಟವಾದ ಲೇಖನ ಹೇಳುತ್ತದೆ. ಸಾಕ್ಷಿಯ ಒಂದು ಕ್ರಿಯಾಪದ ತಪ್ಪಿದರೆ ಆರೋಪಿಯ ಗತಿಯೇನು? ಇಲ್ಲಿ ತಪ್ಪಿದ್ದು ಆಡಿದವನ ನಾಲಗೆಯಲ್ಲ, ಕೇಳಿದವನ ಕಿವಿ.

ಎಲ್ಲರೂ ಶಿಷ್ಟ ಇಂಗ್ಲಿಷ್ ಕಲಿತರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಕಲಿಯಲಿ, ಬೇಡವೆಂದವರಾರು? ಆದರೆ ‘ಸಿಂಪ್ಸನ್ಸ್’ ಧಾರಾವಾಹಿಯ ಅಪು ಎಂಬ ಭಾರತೀಯ ಅಂಗಡಿಯವನಿಗೆ ಬಿಳಿಯ ನಟನೊಬ್ಬ ವರ್ಷಗಟ್ಟಲೆ ನಮ್ಮವರ ಉಚ್ಚಾರವನ್ನು ಅಣಕಿಸುತ್ತ ದನಿ ಕೊಟ್ಟಾಗ ನಮಗೆ ನೋವಾಗಲಿಲ್ಲವೆ? ಹ್ಯಾಂಕ್ ಅಜಾರಿಯಾ ಆ ಪಾತ್ರವನ್ನು ಬಿಟ್ಟದ್ದು 2020ರಲ್ಲಿ. ತಮ್ಮ ಉಚ್ಚಾರದ ಅಣಕಕ್ಕೆ ಸಿಡಿಯುವವರು ಪಕ್ಕದವರ ವ್ಯಾಕರಣವನ್ನು ಅಣಕಿಸುವುದು ಯಾವ ನ್ಯಾಯ?

ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾಲಯದ ಪದವಿಗೆ ಜನಾಂಗೀಯ ಅಧ್ಯಯನದ ಒಂದು ಪಠ್ಯ ಕಡ್ಡಾಯವೆಂದು ಕಾನೂನಾದದ್ದೂ ಅದೇ 2020ರಲ್ಲಿ. ಅದರ ಹಿಂದೆ ಸ್ಯಾನ್ ಫ್ರಾನ್ಸಿಸ್ಕೋದ ವಿದ್ಯಾರ್ಥಿಗಳು 1968ರಲ್ಲಿ ಆರಂಭಿಸಿ ತಿಂಗಳುಗಟ್ಟಲೆ ನಡೆಸಿದ ಮುಷ್ಕರವಿದೆ. ಯಾರೋ ಆಡಳಿತಗಾರರು ಪುಕ್ಕಟೆಯಾಗಿ ಕೊಟ್ಟದ್ದಲ್ಲ. ಪಾರಿಭಾಷಿಕ ಪದಗಳನ್ನು ಉರು ಹೊಡೆಸಿ ಅಂಕ ಕೊಡುವ ಪಾಠವಾದರೆ ನನಗೂ ಬೇಡ. ಅದರ ಬದಲು ಹುಡುಗರ ಕೈಗೆ ಒಂದು ಧ್ವನಿಮುದ್ರಿಕೆ ಕೊಟ್ಟು, ಕೇಳಿದ್ದನ್ನು ಕೇಳಿದಂತೆ ಬರೆಯಿರಿ ಎನ್ನಲಿ. ಅಪ್ಪ ಅಮ್ಮಂದಿರೂ ಪಕ್ಕದಲ್ಲಿ ಕುಳಿತು ಬರೆಯಲಿ.