ಗುಣವಾದ ಮಕ್ಕಳು ಮಾತಾಡಬೇಕು

ಎರ್ಮಾಳಿನಿಂದ ಮಣಿಪಾಲಕ್ಕೆ ಹೋಗುವಾಗ ಕಾಪು ದಾಟಿದ ಮೇಲೆ ಕಟಪಾಡಿ ಸಿಗುತ್ತದೆ. ಈ ಊರಿನ ಕಟ್ಟಡ ಕಾರ್ಮಿಕ ರವಿ ಕಟಪಾಡಿಯವರನ್ನು ಅರಿಯದವರು ಜಿಲ್ಲೆಯಲ್ಲಿ ಕಡಿಮೆ. 2014ರಿಂದ ಅಷ್ಟಮಿ, ವಿಟ್ಲಪಿಂಡಿಗೆ ವೇಷ ಹಾಕಿ, ಜನ ಕೊಟ್ಟ ಹಣವನ್ನು ಕಾಯಿಲೆ ಬಿದ್ದ ಬಡ ಮಕ್ಕಳಿಗೆ ಹಂಚಿದವರು ಅವರು. 2022ರ ಹೊತ್ತಿಗೆ ಈ ಮೊತ್ತ ಒಂದು ಕೋಟಿ ರೂಪಾಯಿ ಮೀರಿತ್ತು.

ನಮ್ಮ ಕರಾವಳಿಯವರು ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಚರ್ಚುಗಳ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರಿಗೂ ಇದು ಗೊತ್ತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ಚಿಕಿತ್ಸೆ ಸಿಗುತ್ತದಾದರೂ ಬಸ್ಸಿನ ಖರ್ಚು, ಕೋಣೆ ಬಾಡಿಗೆ, ತಪ್ಪಿದ ದಿನಗೂಲಿ ಹೆತ್ತವರ ತಲೆಯ ಮೇಲೆಯೇ. ಆದ್ದರಿಂದ ಈ ನೆರವು ನಿಲ್ಲಬಾರದು.

ಆದರೆ ಮಗುವಿಗೆ ಕೊಡುವ ಔಷಧ ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ. ಕೆಥೊಲಿಕ ಹಾಸ್ಯನಟ ಡ್ಯಾನಿ ಥಾಮಸ್ 1962ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಸಂತ ಯೂದರ ಹೆಸರಿನ ಮಕ್ಕಳ ಸಂಶೋಧನಾ ಆಸ್ಪತ್ರೆಯನ್ನು ತೆರೆದಾಗ, ಆ ದೇಶದಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಬದುಕುತ್ತಿದ್ದವರು ಸುಮಾರು 20. ಇಂದು 80ಕ್ಕೂ ಹೆಚ್ಚು. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಸಂಶೋಧನೆ.

ಅದಕ್ಕೆ ಹಣ ಕೂಡಿದ್ದು ಹೇಗೆ? ಹೇಲಿ ಆರ್ಸೆನೋ ಎಂಬಾಕೆಗೆ ಹತ್ತನೇ ವಯಸ್ಸಿನಲ್ಲಿ ಮೂಳೆ ಕ್ಯಾನ್ಸರ್. ಗುಣವಾದದ್ದು ಅದೇ ಆಸ್ಪತ್ರೆಯಲ್ಲಿ. ಬೆಳೆದ ಮೇಲೆ ವೈದ್ಯರ ಸಹಾಯಕಿಯಾಗಿ ಸೇವೆಗೆ ಸೇರಿದ್ದೂ ಅಲ್ಲಿಯೇ. 2021ರ ಸೆಪ್ಟೆಂಬರಿನಲ್ಲಿ ಕಾಲೊಳಗೆ ಲೋಹದ ಸರಳಿದ್ದೇ ಬಾಹ್ಯಾಕಾಶಕ್ಕೆ ಹೋಗಿಬಂದರು. ಆ ಯಾತ್ರೆಯ ಹೆಸರಿನಲ್ಲಿ ಆಸ್ಪತ್ರೆಗೆ 24 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹವಾಯಿತು. ಸಂಶೋಧನೆಗೆ ಮುಖವಿಲ್ಲ, ಗುಣವಾದವರೇ ಅದಕ್ಕೆ ಮುಖವಾದರು.

ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಕಾಯಿಲೆಯಿರುವ ತನಕ ಮಗುವಿನ ಫೋಟೊ ಎಲ್ಲೆಡೆ ಹರಿದಾಡುತ್ತದೆ. ಗುಣವಾದ ಮರುದಿನದಿಂದ ಸುದ್ದಿಯೇ ಇಲ್ಲ. ಹೆಣ್ಣುಮಗುವಾದರಂತೂ 'ನಾಳೆ ಸಂಬಂಧ ಕೂಡಿಬರಬೇಡವೇ?' ಎಂಬ ಭಯ. ಮನೆಯವರನ್ನು ದೂರಿ ಫಲವಿಲ್ಲ. ಹಾಗೆ ಭಯಪಡಿಸುವವರು ನಾವೇ. ಪರಿಣಾಮ, ಮಕ್ಕಳ ಕ್ಯಾನ್ಸರ್ ಎಂದರೆ ಸಾವು ಎಂದೇ ಜನ ನಂಬುತ್ತಾರೆ. ಕೆಲವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ ಹಾಗೂ ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. 2030ರೊಳಗೆ ಕನಿಷ್ಠ ಶೇ. 60 ಮಕ್ಕಳನ್ನಾದರೂ ಉಳಿಸುವುದು 2018ರಲ್ಲಿ ಅದು ಹಾಕಿಕೊಂಡ ಗುರಿ. ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ಮುಂಬಯಿಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಸೇರಿ ರೂಪಿಸಿದ ರಕ್ತದ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. ಆ ಒಪ್ಪಿಗೆ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಿಗಾಗಿತ್ತು. ಅಮೆರಿಕದಲ್ಲಿ ಮೂರು ಕೋಟಿ ರೂ. ಮೀರುವ ಈ ಚಿಕಿತ್ಸೆ ಇಲ್ಲಿ ಅದರ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿ ದೊರೆಯತೊಡಗಿತು. ಇಲ್ಲಿ ನಡೆದ ಸಂಶೋಧನೆಯಿಂದ ಬೆಲೆ ಇಳಿಯಿತು ಎಂಬುದು ಗಮನಾರ್ಹ.

ಇಂದು ಹಾಸಿಗೆ ಹಿಡಿದಿರುವ ಮಗುವಿನ ಪಾಲನ್ನು ಕಡಿದು ಸಂಶೋಧನೆಗೆ ಕೊಡಿ ಎಂದು ಯಾರೂ ಹೇಳಲಾರರು. ಆದರೆ ಪ್ರತಿ ಸಂಗ್ರಹದಲ್ಲಿ ಒಂದು ಸಣ್ಣ ಪಾಲನ್ನು ಅದಕ್ಕೆಂದೇ ತೆಗೆದಿಡಬಹುದು. ಯಾವ ಕೆಲಸಕ್ಕೆ ಬಳಸಿದರೆಂದು ಲೆಕ್ಕವನ್ನೂ ಕೇಳಬಹುದು. ಫೆಬ್ರವರಿ 15 ಅಂತಾರಾಷ್ಟ್ರೀಯ ಮಕ್ಕಳ ಕ್ಯಾನ್ಸರ್ ದಿನ. ಆ ದಿನ ಭಾಷಣಕಾರರ ಬದಲು, ಒಪ್ಪುವುದಾದರೆ, ಗುಣವಾಗಿ ಬೆಳೆದವರೊಬ್ಬರ ಕೈಗೆ ಮೈಕ್ ಕೊಡೋಣ. ನರ್ಸುಗಳನ್ನು ಲೋಕಕ್ಕೆಲ್ಲ ಕಳಿಸಿಕೊಟ್ಟ ಊರುಗಳು ನಮ್ಮವು. ಗುಣವಾದ ಮಗು ನಾಳೆ ನರ್ಸಾಗಿ ತನ್ನ ಕಥೆಯನ್ನು ತಾನೇ ಹೇಳುವ ಧೈರ್ಯವನ್ನೂ ಈ ಊರುಗಳೇ ಕೊಡಲಿ.