ರಜೆಯ ಭೋಗಕ್ಕೊಂದು ಪರಿಮಾಣ

ಬೇಸಿಗೆ ರಜೆ ಸಮೀಪಿಸಿತೆಂದರೆ ಗೃಹಸ್ಥರ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ತಲೆಯೆತ್ತುತ್ತದೆ. ಪರೀಕ್ಷೆ ಮುಗಿಸಿದ ಮಕ್ಕಳು ದೊಡ್ಡ ಊರಿನ ಮನರಂಜನಾ ಉದ್ಯಾನಕ್ಕೆ ಈ ಸಲವಾದರೂ ಹೋಗಲೇಬೇಕೆಂದು ಹಟ ಹಿಡಿಯುತ್ತಾರೆ. ತಂದೆ ಮನಸ್ಸಿನಲ್ಲೇ ಖರ್ಚಿನ ಲೆಕ್ಕ ಹಾಕುತ್ತಾನೆ. ತಾಯಿಗೆ ಮಕ್ಕಳ ಮುಖ ಬಾಡುವುದನ್ನು ನೋಡಲಾಗದು. ಮನೆಯ ಹಿರಿಯರು, ನೀರಿನಲ್ಲಿ ಆಡಿ ಬರಲು ಅಷ್ಟು ಹಣ ಬೇಕೇ ಎನ್ನುತ್ತಾರೆ. ಪ್ರಶ್ನೆ ಚಿಕ್ಕದೆಂದು ತೋರಿದರೂ ಶ್ರಾವಕಧರ್ಮದ ಹಲವು ವ್ರತಗಳು ಏಕಕಾಲಕ್ಕೆ ಪರೀಕ್ಷೆಗೆ ಒಳಗಾಗುವ ಪ್ರಸಂಗ ಇದು.

ಬೀದರ್ ಜಿಲ್ಲೆಯ ಮನ್ನಾಏಖೇಳ್ಳಿಯಂಥ ಊರಿನಲ್ಲಿ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಹುಮನಾಬಾದಿನ ಕಡೆಯಿಂದ ಬಂದು ಊರನ್ನು ಹಾದು ಜಹೀರಾಬಾದಿನತ್ತ ಸಾಗುವ 65ನೇ ರಾಷ್ಟ್ರೀಯ ಹೆದ್ದಾರಿಯೇ ಹೈದರಾಬಾದನ್ನು ದಾಟಿ ವಿಜಯವಾಡದ ದಿಕ್ಕಿಗೆ ಹೋಗುತ್ತದೆ. ಅದೇ ಹೆದ್ದಾರಿಯ ಬದಿಯಲ್ಲಿ 1996ರಲ್ಲಿ ಆರಂಭವಾದ ರಾಮೋಜಿ ಫಿಲ್ಮ್ ಸಿಟಿ ಇದೆ. 2016ರಲ್ಲಿ ಹೈದರಾಬಾದಿನ ಹೊರವಲಯದಲ್ಲಿ ವಂಡರ್‌ಲಾ ಕೂಡ ಬಾಗಿಲು ತೆರೆಯಿತು. ಊರ ಮುಂದಿನ ದಾರಿ ಮೊದಲು ಪೇಟೆಗೆ, ಆಸ್ಪತ್ರೆಗೆ, ಬಂಧುಗಳ ಮನೆಗೆ ಮಾತ್ರ ಕೊಂಡೊಯ್ಯುತ್ತಿತ್ತು. ಈಗ ಅದು ಮಕ್ಕಳ ಕನಸಿನ ಬಾಗಿಲಿಗೂ ಕೊಂಡೊಯ್ಯುತ್ತದೆ.

ಅಜ್ಜ ಅಜ್ಜಿ ಸೇರಿ ಎಂಟು ಜನರಿರುವ ಒಂದು ಮಧ್ಯಮ ವರ್ಗದ ಕುಟುಂಬದ ಲೆಕ್ಕವನ್ನು ಊಹಿಸಬಹುದು. ಪ್ರವೇಶಕ್ಕೆ ತಲೆಗೆ ಸರಾಸರಿ 1,500 ರೂಪಾಯಿ ಎಂದು ಹಿಡಿದರೆ 12,000 ರೂಪಾಯಿ ಆಯಿತು. ಬಾಡಿಗೆ ವಾಹನ, ಒಂದು ರಾತ್ರಿಯ ವಸತಿ, ಊಟ, ತಿಂಡಿ, ಮಕ್ಕಳು ಕೇಳುವ ಆಟಿಕೆಗಳನ್ನು ಕೂಡಿಸಿದರೆ ಒಟ್ಟು 30,000 ರೂಪಾಯಿಯನ್ನು ಮುಟ್ಟುವುದು ಕಷ್ಟವಲ್ಲ. 2024–25ರ ಹಂಗಾಮಿಗೆ ಕೇಂದ್ರ ಸರ್ಕಾರ ತೊಗರಿಗೆ ಪ್ರಕಟಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಎಂದರೆ ಎರಡು ದಿನದ ಆ ನಲಿವು ಹೆಚ್ಚುಕಡಿಮೆ ನಾಲ್ಕು ಕ್ವಿಂಟಲ್ ತೊಗರಿಗೆ ಸಮ. ಬಿತ್ತಿ, ಕಳೆ ತೆಗೆದು, ಕೊಯ್ದು, ರಾಶಿ ಮಾಡಿದವರ ಬೆವರನ್ನು ಬಲ್ಲ ಈ ಸೀಮೆಯಲ್ಲಿ ಆ ಸಂಖ್ಯೆಯ ತೂಕವನ್ನು ಯಾರೂ ವಿವರಿಸಬೇಕಾಗಿಲ್ಲ.

ಈ ಪ್ರಶ್ನೆಗೆ ಎರಡು ಸುಲಭದ ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ದುಡಿಯುವುದೇ ಮಕ್ಕಳ ಸುಖಕ್ಕಾಗಿ, ಖರ್ಚಿಗೆ ಹೆದರಬಾರದು ಎಂಬುದು ಒಂದು. ಇದೆಲ್ಲವೂ ಇಂದ್ರಿಯಭೋಗ, ಧರ್ಮಾತ್ಮರಾದವರು ಆ ಕಡೆ ತಲೆ ಹಾಕಬಾರದು ಎಂಬುದು ಇನ್ನೊಂದು. ಜಿನಧರ್ಮ ಇವೆರಡನ್ನೂ ಹಾಗೆಯೇ ಒಪ್ಪುವುದಿಲ್ಲ. ಮುನಿಗಳಿಗೆ ಮಹಾವ್ರತ, ಗೃಹಸ್ಥರಿಗೆ ಅಣುವ್ರತ ಎಂಬ ವಿಭಾಗವನ್ನು ಆಚಾರ್ಯರು ಮಾಡಿದ್ದೇ ಸಂಸಾರದಲ್ಲಿರುವವನ ಸ್ಥಿತಿಯನ್ನು ಅರಿತು. ಗೃಹಸ್ಥನು ಗಳಿಸುತ್ತಾನೆ, ಉಣ್ಣುತ್ತಾನೆ, ಉಡುತ್ತಾನೆ, ಹೆಂಡತಿ ಮಕ್ಕಳೊಡನೆ ನಗುತ್ತಾನೆ. ಅವನಿಂದ ಧರ್ಮವು ಅಪೇಕ್ಷಿಸುವುದು ಭೋಗಗಳ ಸಂಪೂರ್ಣ ತ್ಯಾಗವನ್ನಲ್ಲ, ಅವುಗಳಿಗೆ ಒಂದು ಪರಿಮಾಣವನ್ನು. ಪರಿಮಾಣವೆಂದರೆ ಅಳತೆ. ಭೋಗಕ್ಕೆ ಅಳತೆಯನ್ನು ನಿರ್ಧರಿಸಬೇಕಾದವನು ಸ್ವತಃ ಗೃಹಸ್ಥನೇ ಹೊರತು ಅಂಗಡಿಯವನಲ್ಲ, ಜಾಹೀರಾತಲ್ಲ, ನೆರೆಮನೆಯೂ ಅಲ್ಲ.

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಭೋಗೋಪಭೋಗ ಪರಿಮಾಣವೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗುಣವ್ರತವೆಂದು ಎಣಿಸಿದ್ದಾರೆ. ತತ್ತ್ವಾರ್ಥಸೂತ್ರದ ಕ್ರಮದಲ್ಲಿ ಇದು ಶಿಕ್ಷಾವ್ರತಗಳ ಸಾಲಿಗೆ ಬರುತ್ತದೆ. ಅನ್ನದಂತೆ ಒಮ್ಮೆ ಬಳಸಿ ಮುಗಿಯುವುದು ಭೋಗ, ವಸ್ತ್ರದಂತೆ ಮತ್ತೆ ಮತ್ತೆ ಬಳಸುವುದು ಉಪಭೋಗ. ಎರಡಕ್ಕೂ ಮಿತಿ ಬೇಕು. ಆ ಮಿತಿಯಲ್ಲಿಯೂ ಆಚಾರ್ಯರು ಎರಡು ಬಗೆಯನ್ನು ತೋರಿದ್ದಾರೆ. ಜೀವಮಾನಕ್ಕೆಲ್ಲ ಬಿಡುವುದು ಯಮ, ಗೊತ್ತಾದ ಕಾಲಕ್ಕೆ ಕಟ್ಟಿಕೊಳ್ಳುವುದು ನಿಯಮ. ಇಷ್ಟು ದಿನ, ಇಷ್ಟು ಹಣ, ಇಷ್ಟು ವಸ್ತು ಎಂದು ಹೊರಡುವ ಮುನ್ನವೇ ಸಂಕಲ್ಪಿಸಿ ಅದನ್ನು ಮೀರದಿದ್ದರೆ ರಜೆಯ ಪ್ರವಾಸಕ್ಕೂ ನಿಯಮದ ಶಿಸ್ತು ಒದಗುತ್ತದೆ. ಅಳತೆಯಿಲ್ಲದೆ ಹೊರಟರೆ ಮನೆಯ ಅಂಗಳದಲ್ಲಿ ನಡೆಯುವ ಸಣ್ಣ ಭೋಜನಕೂಟವೂ ವ್ರತಭಂಗಕ್ಕೆ ದಾರಿಯಾಗಬಹುದು.

ಈ ವ್ರತಕ್ಕೆ ಸಮಂತಭದ್ರರು ಹೇಳಿದ ಐದು ಅತಿಚಾರಗಳು ಇಂದಿನ ರಜೆಯ ಸಂಭ್ರಮವನ್ನು ಕಂಡೇ ಹೇಳಿದಂತಿವೆ. ವಿಷಯಸುಖದ ಬಗ್ಗೆ ಉಪೇಕ್ಷೆ ಬಾರದಿರುವುದು ಮೊದಲನೆಯದು. ಅನುಭವಿಸಿದ ಸುಖವನ್ನು ಮತ್ತೆ ಮತ್ತೆ ಸ್ಮರಿಸುವುದು ಎರಡನೆಯದು. ಅನುಭವಿಸುವಾಗ ಅತಿಯಾಗಿ ಲೋಲುಪನಾಗುವುದು ಮೂರನೆಯದು. ಮುಂದಿನ ಭೋಗಕ್ಕಾಗಿ ಅತಿಯಾಗಿ ಬಾಯಾರುವುದು ನಾಲ್ಕನೆಯದು. ಮಿತಿಮೀರಿ ಅನುಭವಿಸುವುದು ಐದನೆಯದು. ಇವುಗಳಲ್ಲಿ ಎಲ್ಲಿಯೂ ವಸ್ತುವಿನ ಬೆಲೆಯ ಮಾತಿಲ್ಲ ಎಂಬುದು ಗಮನಾರ್ಹ. ನೂರು ರೂಪಾಯಿಯ ಸುಖದಲ್ಲಿಯೂ ಅತಿಚಾರ ಸಾಧ್ಯ. ಸಾವಿರ ರೂಪಾಯಿಯ ಸುಖದಲ್ಲಿಯೂ ನಿರ್ಲಿಪ್ತಿ ಸಾಧ್ಯ. ಪರೀಕ್ಷೆಯೆಲ್ಲ ಭಾವದ್ದು.

ಇಲ್ಲಿ ಒಂದು ಆಕ್ಷೇಪ ಸಹಜ. ದುಬಾರಿ ಪ್ರವಾಸವನ್ನು ಸಮರ್ಥಿಸುವವರು ಹೇಳುವ ಬಲವಾದ ಮಾತೇ ನೆನಪಿನದು: ಹಣ ಹೋದರೂ ನೆನಪು ಉಳಿಯುತ್ತದೆ. ಭೋಗದ ಸ್ಮರಣೆಯನ್ನೇ ಅತಿಚಾರವೆಂದರೆ ಕುಟುಂಬದ ಸವಿನೆನಪುಗಳೂ ದೋಷವೇ? ಹಾಗಲ್ಲ. ನೆನಪುಗಳಲ್ಲಿಯೂ ಭೇದವಿದೆ. ಎತ್ತರದ ಜಾರುಬಂಡೆಯ ಮುಂದೆ ಹೆದರಿ ನಿಂತ ತಂಗಿಯ ಕೈಯನ್ನು ಅಣ್ಣ ಹಿಡಿದದ್ದು, ಮೊಮ್ಮಗನ ಜೊತೆ ಅಜ್ಜ ಸಣ್ಣ ರೈಲಿನಲ್ಲಿ ಕುಳಿತು ಮಗುವಾದದ್ದು ವಾತ್ಸಲ್ಯದ ನೆನಪು. ಅದು ಮನಸ್ಸನ್ನು ತೃಪ್ತಿಗೊಳಿಸುತ್ತದೆ. ಆ ಯಂತ್ರದಲ್ಲಿ ಇನ್ನೊಮ್ಮೆ ಕುಳಿತುಕೊಳ್ಳಬೇಕು, ಮುಂದಿನ ಸಲ ಇದಕ್ಕಿಂತ ದೊಡ್ಡದಕ್ಕೆ ಹೋಗಬೇಕು ಎಂಬುದು ವಿಷಯದ ನೆನಪು. ಅದು ಮನಸ್ಸನ್ನು ಹಸಿಯುವಂತೆ ಮಾಡುತ್ತದೆ. ಆಚಾರ್ಯರು ಎಚ್ಚರಿಸಿದ್ದು ಈ ಎರಡನೆಯದರ ಬಗ್ಗೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ವಾಲ್ಟ್ ಡಿಸ್ನಿಯವರು, ತಮ್ಮ ಹೆಣ್ಣುಮಕ್ಕಳು ಆಟವಾಡುತ್ತಿದ್ದಾಗ ಉದ್ಯಾನದ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದ ಕಾಲದಲ್ಲಿ ಆ ಕಲ್ಪನೆ ಹುಟ್ಟಿತೆಂದು ಹೇಳಿಕೊಂಡಿದ್ದರು. ಹೆತ್ತವರೂ ಮಕ್ಕಳೂ ಜೊತೆಯಾಗಿ ನಲಿಯಲು ಒಂದು ಸ್ಥಳವಿರಬೇಕೆಂಬುದು ಅವರ ಬಯಕೆಯಾಗಿತ್ತು. ಜೊತೆಗಿರುವುದೇ ಮೂಲ, ಯಂತ್ರ ನಂತರದ್ದು. ಮೂಲವನ್ನು ಮನೆಯಲ್ಲಿಯೇ ಮರೆತು ಯಂತ್ರಕ್ಕೆ ಮಾತ್ರ ಹಣ ತೆತ್ತರೆ ಆ ವ್ಯಯ ನಿಷ್ಫಲ.

ಆದುದರಿಂದ ಹೋಗಬೇಕೋ ಬೇಡವೋ ಎಂದು ಕೇಳುವುದಕ್ಕಿಂತ ಮೊದಲು ಗೃಹಸ್ಥನು ಕೇಳಿಕೊಳ್ಳಬೇಕಾದ ಮೂರು ಪ್ರಶ್ನೆಗಳಿವೆ.

ಹಣ ಎಲ್ಲಿಂದ ಬಂತು ಎಂಬುದು ಮೊದಲನೆಯದು. ಪಂಡಿತ ಆಶಾಧರರು ಗೃಹಸ್ಥಧರ್ಮಕ್ಕೆ ಅರ್ಹನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ಹೇಮಚಂದ್ರಾಚಾರ್ಯರು ಆದಾಯಕ್ಕೆ ತಕ್ಕ ವೆಚ್ಚವನ್ನು ಸದ್ಗೃಹಸ್ಥನ ಲಕ್ಷಣವೆಂದಿದ್ದಾರೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳು ಇಲ್ಲಿ ಒಂದೇ ಧ್ವನಿಯಲ್ಲಿ ಮಾತನಾಡುತ್ತವೆ. ಇಂದು ಪ್ರವಾಸಕ್ಕೂ ಸಾಲ ದೊರೆಯುತ್ತದೆ, ಕ್ರೆಡಿಟ್ ಕಾರ್ಡು ಕೈಯಲ್ಲಿಯೇ ಇರುತ್ತದೆ. ಮೂವತ್ತು ಸಾವಿರ ರೂಪಾಯಿಗೆ ತಿಂಗಳಿಗೆ ನೂರಕ್ಕೆ ಮೂರರಂತೆ ಬಡ್ಡಿ ಹಿಡಿದರೆ ತಿಂಗಳಿಗೆ 900 ರೂಪಾಯಿ. ಅಸಲು ತೀರದೆ ಉಳಿದರೆ ವರ್ಷಕ್ಕೆ ಬಡ್ಡಿಯೊಂದೇ 10,800 ರೂಪಾಯಿ. ಸುಖ ಎರಡು ದಿನದ್ದು, ಚಿಂತೆ ಹನ್ನೆರಡು ತಿಂಗಳದ್ದು. ಆ ಚಿಂತೆಗೆ ಜೈನಶಾಸ್ತ್ರದಲ್ಲಿ ಆರ್ತಧ್ಯಾನವೆಂಬ ಹೆಸರಿದೆ. ಮುಂದಿನ ಭೋಗಕ್ಕಾಗಿ ಹಂಬಲಿಸುವ ‘ನಿದಾನ’ವೂ ಅದರ ಒಂದು ಭೇದ, ಬೇಡವಾದದ್ದು ಬಂದು ಅಂಟಿಕೊಂಡಿತೆಂದು ಕೊರಗುವ ಅನಿಷ್ಟಸಂಯೋಗವೂ ಇನ್ನೊಂದು ಭೇದ. ಸಾಲದ ಪ್ರವಾಸದಲ್ಲಿ ಹೋಗುವ ಮುನ್ನ ಒಂದು, ಬಂದ ಮೇಲೆ ಇನ್ನೊಂದು. ಕರ್ಮಬಂಧಕ್ಕೆ ಎರಡೂ ಕಡೆಯಿಂದ ಬಾಗಿಲು ತೆರೆದಿಟ್ಟಂತಾಗುತ್ತದೆ. ಸಾಲ ಮಾಡಿ ಭೋಗವನ್ನು ಕೊಳ್ಳುವುದು ಶ್ರಾವಕನಿಗೆ ಸಲ್ಲದು ಎಂಬಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಯಾರ ಪಾಲು ಕಡಿಮೆಯಾಯಿತು ಎಂಬುದು ಎರಡನೆಯ ಪ್ರಶ್ನೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳು ಗೃಹಸ್ಥನ ನಿತ್ಯಕರ್ತವ್ಯಗಳು. ಅಜ್ಜಿಯ ಕಣ್ಣಿನ ಚಿಕಿತ್ಸೆಯನ್ನು ಮುಂದಿನ ವರ್ಷಕ್ಕೆ ದೂಡಿ, ಅಂಗಡಿಯಲ್ಲಿ ದುಡಿಯುವವನ ಸಂಬಳವನ್ನು ಹದಿನೈದು ದಿನ ತಡೆಹಿಡಿದು, ಬಡ ವಿದ್ಯಾರ್ಥಿಗೆ ಕೊಡುತ್ತೇವೆಂದ ಪುಸ್ತಕದ ಹಣವನ್ನು ಮರೆತು ಹೊರಟ ಪ್ರವಾಸ ಎಷ್ಟೇ ಅಗ್ಗವಾಗಿದ್ದರೂ ದುಬಾರಿಯೇ. ಅವರವರ ಪಾಲನ್ನು ಅವರವರಿಗೆ ಸಲ್ಲಿಸಿದ ಮೇಲೆ ಉಳಿದ ಹಣದಲ್ಲಿ ಮಕ್ಕಳು ನಕ್ಕರೆ ಆ ನಗು ಯಾರ ಕಣ್ಣೀರಿನ ಮೇಲೂ ನಿಂತಿರುವುದಿಲ್ಲ.

ಈ ಬಯಕೆ ಯಾರದು ಎಂಬುದು ಮೂರನೆಯ ಪ್ರಶ್ನೆ. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳಲ್ಲಿ ಸಮಂತಭದ್ರರು ವಿಸ್ಮಯವನ್ನೂ ಸೇರಿಸಿದ್ದಾರೆ. ಪರರ ಸಂಪತ್ತನ್ನು ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದೇ ಆ ವಿಸ್ಮಯ. ಪಕ್ಕದ ಮನೆಯವರು ವಾಟ್ಸ್ಆ್ಯಪಿನಲ್ಲಿ ಹಾಕಿದ ಚಿತ್ರಗಳನ್ನು ನೋಡಿದ ರಾತ್ರಿಯೇ ಟಿಕೆಟಿನ ಮಾತು ಹುಟ್ಟಿದ್ದರೆ ಅದು ಮಕ್ಕಳ ಬಯಕೆಯೋ, ಹಿರಿಯರ ವಿಸ್ಮಯವೋ ಎಂದು ನೋಡಿಕೊಳ್ಳುವುದು ಒಳಿತು. ಪುಟ್ಟ ಮಗುವಿಗೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯ ತೊಟ್ಟಿಲೂ ಆಕಾಶಕ್ಕೇ ಏರುತ್ತದೆ. ಹಿರಿಯರು ಹೋಲಿಕೆಯನ್ನು ಕಲಿಸುವವರೆಗೆ ಮಗು ಸುಖವನ್ನು ಬೆಲೆಯಿಂದ ಅಳೆಯುವುದಿಲ್ಲ.

ಭೋಗವನ್ನು ಒದಗಿಸುವುದೇ ಮಕ್ಕಳ ಮೇಲಿನ ಪ್ರೀತಿಯೆಂದು ತಿಳಿದ ತಾಯಿಯ ಚಿತ್ರವನ್ನು ಶಿವಕೋಟ್ಯಾಚಾರ್ಯರ ವಡ್ಡಾರಾಧನೆ ಸುಕುಮಾರಸ್ವಾಮಿಯ ಕಥೆಯಲ್ಲಿ ಕೊಡುತ್ತದೆ. ಮಗನು ಮುನಿಯನ್ನು ಕಂಡರೆ ತಪಸ್ಸಿಗೆ ಹೋದಾನೆಂದು ಹೆದರಿದ ಯಶೋಭದ್ರೆ ಅವನ ಸುತ್ತ ಸುಖದ ಕೋಟೆಯನ್ನೇ ಕಟ್ಟುತ್ತಾಳೆ. ಅರಸನೂ ಕೊಳ್ಳಲಾಗದ ರತ್ನಕಂಬಳಿಯನ್ನು ಕೊಂಡು ಸೊಸೆಯರ ಪಾದರಕ್ಷೆಗೆ ಬಳಸುವಷ್ಟು ಸಿರಿ ಆ ಮನೆಯದು. ಆದರೂ ಮುನಿಯ ಮಾತು ಕಿವಿಗೆ ಬಿದ್ದ ಕ್ಷಣ ಸುಕುಮಾರನ ಮನಸ್ಸು ಆ ಕೋಟೆಯನ್ನು ದಾಟಿತು. ಕೊಂಡು ತಂದ ಸುಖದಿಂದ ಮಕ್ಕಳ ಮನಸ್ಸನ್ನು ಹಿಡಿದಿಡುವುದು ಸಾಧ್ಯವಿಲ್ಲ. ಜೀವವನ್ನು ನಿಜವಾಗಿ ಮುಟ್ಟುವ ಮಾತು ಬೇರೆ ಕಡೆಯಿಂದ ಬರುತ್ತದೆ. ಆ ಮಾತು ತಂದೆ ತಾಯಿಯರ ಬಾಯಿಂದಲೇ ಬಂದರೆ ಅದಕ್ಕಿಂತ ಭಾಗ್ಯವಿಲ್ಲ.

ಅದಕ್ಕೆ ಈ ರಜೆಯ ಪ್ರಶ್ನೆಯೇ ಒಳ್ಳೆಯ ಅವಕಾಶ. ಮಕ್ಕಳನ್ನು ಹೊರಗಿಟ್ಟು ದೊಡ್ಡವರಷ್ಟೇ ತೀರ್ಮಾನಿಸುವ ಬದಲು, ಕಾಗದ ಪೆನ್ಸಿಲು ಕೊಟ್ಟು ಅವರಿಂದಲೇ ಲೆಕ್ಕ ಹಾಕಿಸಬಹುದು. ಮನೆಯ ವರಮಾನ ಎಷ್ಟು, ಶಾಲೆಯ ಶುಲ್ಕ ಎಷ್ಟು, ದಾನಕ್ಕೆ ತೆಗೆದಿಟ್ಟದ್ದು ಎಷ್ಟು, ಉಳಿದದ್ದು ಎಷ್ಟು ಎಂದು ತಾನೇ ಕೂಡಿಸಿ ಕಳೆದ ಮಗು, ಎರಡು ದಿನ ಬೇಡ, ಒಂದೇ ದಿನ ಹೋಗಿ ಬರೋಣ ಎಂದು ತಾನಾಗಿ ಹೇಳುವುದುಂಟು. ಹೇರಿದ ನಿರಾಕರಣೆ ಮನಸ್ಸಿನಲ್ಲಿ ಬಯಕೆಯನ್ನು ಬೆಳೆಸುತ್ತದೆ. ತಿಳಿದು ಒಪ್ಪಿದ ಮಿತಿ ವ್ರತದ ಬೀಜವಾಗುತ್ತದೆ. ಹೋಗುವುದೇ ಆದರೆ ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯುವಂತೆ ವೇಳೆಯನ್ನು ಹೊಂದಿಸುವುದು, ಹೊರಗಿನ ಆಹಾರವನ್ನು ಒಳಗೆ ಬಿಡದ ಕಡೆ ದಾರಿಯಲ್ಲಿಯೇ ರೊಟ್ಟಿ ಬುತ್ತಿ ಬಿಚ್ಚುವುದು, ನೀರಿನಲ್ಲಿ ಆಡುವಾಗಲೂ ಜಲಕಾಯದ ಜೀವಗಳ ಅರಿವಿನಿಂದ ವ್ಯರ್ಥ ಮಾಡದಿರುವುದು ಇವೆಲ್ಲ ಆ ಬೀಜಕ್ಕೆ ಎರೆಯುವ ನೀರು.

ಮನರಂಜನಾ ಉದ್ಯಾನದ ಬದಲು ತೀರ್ಥಯಾತ್ರೆ ಮಾಡಿ ಎಂಬ ಸಲಹೆಯೂ ಕೇಳಿಬರುತ್ತದೆ. ಬೀದರ್ ಸಮೀಪದ ಕಮಠಾಣದಲ್ಲಿ ಪಾರ್ಶ್ವನಾಥನ ಸನ್ನಿಧಿಯಿದೆ. ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ನೇಮಿನಾಥ ಬಸದಿಯಿದೆ. ಜಿನಸೇನಾಚಾರ್ಯರನ್ನು ಗುರುವಾಗಿ ಪಡೆದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ರಾಜಧಾನಿ ಅದು. ಮಕ್ಕಳಿಗೆ ಇವನ್ನು ತೋರಿಸಲೇಬೇಕು. ಆದರೆ ಯಾತ್ರೆಯನ್ನು ಆಟದ ಬದಲಿಯೆಂದು ಮಾಡಿದರೆ ಮಕ್ಕಳ ಕಣ್ಣಿಗೆ ಬಸದಿಯು ತಮ್ಮ ರಜೆಯನ್ನು ಕಸಿದುಕೊಂಡ ಸ್ಥಳವಾಗಿ ಕಾಣುತ್ತದೆ. ಆಡಂಬರದಿಂದ, ಸಾಲದಿಂದ ಮಾಡಿದ ಯಾತ್ರೆಯೂ ಪರಿಮಾಣವನ್ನು ಮೀರಿದ್ದೇ. ಯಾತ್ರೆ ಯಾತ್ರೆಯಾಗಿರಲಿ, ಆಟ ಆಟವಾಗಿರಲಿ, ಎರಡಕ್ಕೂ ಅಳತೆಯಿರಲಿ.

ಕೊನೆಗೆ ಉತ್ತರ ಇಷ್ಟೇ. ನ್ಯಾಯದ ಹಣ ಕೈಯಲ್ಲಿದ್ದು, ಯಾರ ಪಾಲನ್ನೂ ಕಸಿಯದೆ, ಮೊದಲೇ ಕಟ್ಟಿಕೊಂಡ ನಿಯಮದೊಳಗೆ ಎಲ್ಲರೂ ಕೂಡಿ ಹೋಗಿ ಬರುವುದಾದರೆ ಆ ಹಣ ಹಾಳಾಯಿತೆಂದು ಕೊರಗಬೇಕಿಲ್ಲ, ಕೊರಗುವುದೂ ಆರ್ತಧ್ಯಾನವೇ. ಈ ಮೂರರಲ್ಲಿ ಒಂದು ತಪ್ಪಿದರೂ ಈ ವರ್ಷ ಬೇಡವೆನ್ನುವ ಧೈರ್ಯ ಮನೆಯ ಯಜಮಾನನಿಗೆ ಇರಬೇಕು. ಹಾಗೆ ಬೇಡವೆಂದ ದಿನ ಮಕ್ಕಳ ಜೊತೆ ಕುಳಿತು, ಏಕೆ ಬೇಡವೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ, ಆ ಎರಡು ದಿನಗಳನ್ನು ಅವರಿಗೇ ಪೂರ್ತಿಯಾಗಿ ಕೊಡುವ ಹೊಣೆಯೂ ಅವನದೇ. ಮಕ್ಕಳು ಬಯಸುವುದರಲ್ಲಿ ಹಣವಿಲ್ಲದೆಯೂ ಕೊಡಬಹುದಾದದ್ದು ಅದೊಂದು, ಹಲವು ಮನೆಗಳಲ್ಲಿ ಅವರಿಗೆ ದೊರೆಯದಿರುವುದೂ ಅದೇ.